ತಪಾಸಣೆ ಬೇಡದ ಕಾರು

ಜನವರಿ ೮

ಪ್ರಿಯ ಭಾವಮೈದುನನಿಗೆ ಆಶೀರ್ವಾದಗಳು.

ಶುಭ ಸಮಾಚಾರ. ಈ ತಿಂಗಳಿಗೆ ನಮ್ಮ ಕಾರಿಗೆ ನಲವತ್ತು ತುಂಬಿತು. ಮನುಷ್ಯನಿಗೆ ನಲವತ್ತು ತುಂಬಿದರೆ ಡಾಕ್ಟರು ‘ಇನ್ನು ವರ್ಷಕ್ಕೊಮ್ಮೆ ಬಂದು ತೋರಿಸಿಕೊಂಡು ಹೋಗಿ’ ಎನ್ನುತ್ತಾರೆ. ಕಾರಿಗೆ ನಲವತ್ತು ತುಂಬಿದರೆ ನಿಮ್ಮ ಇಲಾಖೆ ‘ಇನ್ನು ನೀವು ಬರುವುದೇ ಬೇಡ’ ಎನ್ನುತ್ತದಂತೆ. ಈ ಕಾನೂನು ಮಾಡಿದವರು ಯಾರೋ, ಅವರನ್ನೇ ಒಮ್ಮೆ ತಪಾಸಣೆಗೆ ಕಳಿಸಬೇಕು.

ಟಪಾಲಿನಲ್ಲಿ ಒಂದು ನಮೂನೆ ಬಂದಿದೆ. ‘ಈ ವಾಹನವು ಪುರಾತನ ವರ್ಗಕ್ಕೆ ಸೇರಿದ್ದು, ಯಾವುದೇ ಗಣನೀಯ ಬದಲಾವಣೆಗೆ ಒಳಗಾಗಿಲ್ಲ’ ಎಂದು ನಾನು ಘೋಷಿಸಿ ಸಹಿ ಹಾಕಿದರೆ ಮುಗಿಯಿತು, ವಾರ್ಷಿಕ ತಪಾಸಣೆಯಿಂದ ವಿನಾಯಿತಿ. ನಿನ್ನಕ್ಕ ಅದನ್ನು ಓದಿ, ‘ಇನ್ನೊಂದು ಪ್ರತಿ ತರಿಸಿಕೊಡಿ, ನಾನೂ ನಿಮ್ಮ ಬಗ್ಗೆ ಸಹಿ ಹಾಕ್ತೀನಿ. ಮದುವೆಯಾದಾಗಿನಿಂದ ಗಣನೀಯ ಬದಲಾವಣೆ ಏನೂ ಆಗಿಲ್ಲ’ ಎಂದಳು.

ಅವಳು ಇದ್ದ ಹಾಗೇ ಇದ್ದಾಳೆ. ಸೋಮವಾರ, ಬುಧವಾರ, ಶುಕ್ರವಾರ ಡಯಾಲಿಸಿಸ್. ಇಪ್ಪತ್ತಾರು ಕಿಲೋಮೀಟರು ಹೋಗುವುದು, ನಾಲ್ಕು ಗಂಟೆ ಆ ಯಂತ್ರದ ಪಕ್ಕದಲ್ಲಿ ಮಲಗುವುದು, ಇಪ್ಪತ್ತಾರು ಕಿಲೋಮೀಟರು ಬರುವುದು. ಬಸ್ಸಾದರೆ ಎರಡು ಕಡೆ ಇಳಿದು ಹತ್ತಬೇಕು. ಬಾಡಿಗೆ ಕಾರಿನವನು ಎರಡು ಸಲ ಬಂದ. ವಾಪಸ್ಸು ಬರುವಾಗ ಅವಳಿಗೆ ವಾಂತಿಯಾಯಿತು. ಮೂರನೆಯ ಸಲ ಅವನು ಫೋನೇ ಎತ್ತಲಿಲ್ಲ. ಹೀಗಾಗಿ ನಾನು, ನಿನ್ನಕ್ಕ, ಮತ್ತು ಅವಳು ‘ಸವತಿ’ ಎಂದು ಕರೆಯುವ ಈ ಕಾರು, ಮೂವರ ಸಂಸಾರ ಸಾಗಿದೆ.

ಈಗ ಸವತಿಯ ಕಾಯಿಲೆಗೆ ಬರುತ್ತೇನೆ. ಮುಂದಿನ ದೀಪಗಳು ಮಂಕಾಗಿವೆ. ಬೆಳಿಗ್ಗೆ ಆರಕ್ಕೆ ಹೊರಟರೆ ರಸ್ತೆಯ ನಡುವಿನ ಬಿಳಿ ಗೆರೆ ಯಾರೋ ಸೋಪು ಹಾಕಿ ತೊಳೆದಂತೆ ಕಾಣುತ್ತದೆ. ಜೊತೆಗೆ ಗಾಡಿ ಎಡಕ್ಕೆ ಎಳೆಯುತ್ತಿದೆ. ನೇರ ಹೋಗುತ್ತಿದ್ದೇನೆ ಎಂದುಕೊಂಡಿರುತ್ತೇನೆ, ಚಕ್ರ ಆಗಲೇ ಮಣ್ಣಿಗೆ ಇಳಿದಿರುತ್ತದೆ. ಇದಕ್ಕೇನು ಮದ್ದು? ದಿನವಿಡೀ ಗುಂಡಿಯಲ್ಲಿ ನಿಂತು ಕಾರುಗಳ ಹೊಟ್ಟೆ ನೋಡುವ ಗುಂಡಿಗೆ ಇರುವವನು ನೀನು, ಹೇಳು. ಕಾಗದದಲ್ಲೇ ಬರೆ. ಫೋನಾದರೆ ನಿನ್ನಕ್ಕ ಒಂದು ಗಂಟೆ ಮಾತಾಡಿ ನನ್ನ ಕೈಗೆ ಕೊಡುವುದು ಅದನ್ನು ಆರಿಸುವುದಕ್ಕೆ ಮಾತ್ರ.

ನಿನ್ನ ಭಾವ
(ಸದ್ಯಕ್ಕೆ ಅಭಾವವೇನಿಲ್ಲ)


ಜನವರಿ ೧೭

ಭಾವನವರಿಗೆ ನಮಸ್ಕಾರ.

ಕಾಗದ ತಲುಪಿತು. ಒಂದೊಂದು ಅಕ್ಷರವೂ ಅಂಗಡಿಯ ಬೋರ್ಡಿನಷ್ಟು ದಪ್ಪ. ಕಾಲೇಜಿನಲ್ಲಿ ಭೂಗೋಳ ಕಲಿಸುತ್ತಿದ್ದಾಗ ಅಂಚೆಕಾರ್ಡಿನ ಮೇಲೆ ಒಂದು ಭೂಖಂಡವನ್ನೇ ಹಿಡಿಸುತ್ತಿದ್ದಿರಿ. ನಿವೃತ್ತರಾದ ಮೇಲೆ ಕಾಗದದ ವಿಷಯದಲ್ಲಿ ಧಾರಾಳಿಯಾಗಿದ್ದೀರಿ. ಸಂತೋಷ.

ಕಾನೂನನ್ನು ಬಯ್ಯಬೇಡಿ. ದಿನಬಳಕೆಯ ಕಾರಿಗೆ ವರ್ಷ ವರ್ಷವೂ ತಪಾಸಣೆ ಇದೆ: ಉರುಳೆಗಳ ಮೇಲೆ ಚಕ್ರ ನಿಲ್ಲಿಸಿ ಬ್ರೇಕಿನ ಹಿಡಿತ, ಗೋಡೆಗೆ ಬೆಳಕು ಬಿಟ್ಟು ದೀಪದ ಎತ್ತರ, ಟೈರಿನ ಸವೆತ, ಸ್ಟೀರಿಂಗಿನ ಸಡಿಲ, ಹೊಗೆ. ನಲವತ್ತು ದಾಟಿದ್ದನ್ನು ಬಿಟ್ಟಿರುವುದು ಒಂದು ನಂಬಿಕೆಯ ಮೇಲೆ. ಅಂಥ ಗಾಡಿ ಇಟ್ಟುಕೊಂಡವರು ಭಾನುವಾರ ಅದನ್ನು ಒರೆಸಿ, ಊರೊಳಗೆ ಒಂದು ಸುತ್ತು ಹೊಡೆಸಿ, ಹೊದಿಕೆ ಹೊದಿಸಿ ಮಲಗಿಸುತ್ತಾರೆ ಎಂಬ ನಂಬಿಕೆ. ವಾರಕ್ಕೆ ಮೂರು ಸಲ ಐವತ್ತೆರಡು ಕಿಲೋಮೀಟರು ಓಡಿಸುವ ಭಾವಂದಿರು ಇರುತ್ತಾರೆಂದು ಅವರಿಗೆ ಹೊಳೆದಿಲ್ಲ. ಇನ್ನೊಂದು ಮಾತು ನೆನಪಿರಲಿ. ವಿನಾಯಿತಿ ಇರುವುದು ತಪಾಸಣೆಗೆ ಮಾತ್ರ. ಗಾಡಿ ರಸ್ತೆಗೆ ಯೋಗ್ಯವಾಗಿರಬೇಕೆಂಬುದು ಹಾಗೇ ಇದೆ. ಅದಕ್ಕೆ ಸಹಿ ಹಾಕಿದವರೇ ಹೊಣೆ.

ಇನ್ನು ರೋಗದ ವಿಚಾರ. ನಿಮ್ಮ ಕಾರಿನ ದೀಪದ ಹಿಂದೆ ಹೊಳೆಯುವ ಬಟ್ಟಲು ಇದೆಯಲ್ಲ, ಅದರ ಲೇಪ ಎದ್ದಿರುತ್ತದೆ. ಬಲ್ಬು ಎಷ್ಟೇ ಉರಿದರೂ ಬೆಳಕು ಮುಂದಕ್ಕೆ ಹೋಗುವುದಿಲ್ಲ. ಲೇಪ ಹಾಕಿಸಿ, ತಂತಿಗಳನ್ನೂ ಬದಲಾಯಿಸಿ. ಎಡಕ್ಕೆ ಎಳೆಯುವುದು ಚಕ್ರಗಳ ಜೋಡಣೆ ತಪ್ಪಿರುವುದರಿಂದ. ಮುಂದಿನ ಎರಡು ಟೈರುಗಳ ಗಾಳಿಯನ್ನೂ ನೋಡಿಸಿ. ನಿಮ್ಮ ವಿವರಣೆ ಎಷ್ಟು ಕರಾರುವಾಕ್ಕಾಗಿದೆ ಎಂದರೆ ಗಾಡಿ ನನ್ನ ತಲೆಯ ಮೇಲೇ ನಿಂತಿದ್ದಂತಾಯಿತು. ಇವತ್ತು ಗುಂಡಿಯಲ್ಲಿ ಮೂವತ್ತೆಂಟು ಗಾಡಿ ನೋಡಿ ಸೊಂಟ ಹಿಡಿದಿದೆ, ಆದರೂ ಮೂವತ್ತೊಂಬತ್ತನೆಯದಾಗಿ ನಿಮ್ಮದನ್ನು ನೋಡಲು ಬೇಸರವಾಗಲಿಲ್ಲ. ಮಾಡಿಸಿದ ಮೇಲೆ ಬರೆಯಿರಿ. ಬೇರೆ ಏನಾದರೂ ಕಂಡರೂ ಬರೆಯಿರಿ.

ನಿಮ್ಮ ಭಾವಮೈದುನ


ಫೆಬ್ರವರಿ ೩

ಗುಂಡಿಶೂರನಿಗೆ,

ನೀನು ಹೇಳಿದ್ದೆಲ್ಲ ಮಾಡಿಸಿದೆ. ಬಟ್ಟಲಿಗೆ ಲೇಪ, ಹೊಸ ಬಲ್ಬು, ಹೊಸ ತಂತಿ. ಇಲ್ಲಿಯ ಮೆಕ್ಯಾನಿಕ್ ಮುದುಕ ಗೋಡೆಗೆ ಬೆಳಕು ಬಿಟ್ಟು, ‘ನೋಡಿ ಸಾರ್, ಗೋಡೆಗೇ ಕಣ್ಣು ಕುಕ್ಕೋ ಹಾಗಿದೆ’ ಎಂದ. ಗೋಡೆಗೆ ಕುಕ್ಕಿರಬಹುದು, ನನಗೆ ಕುಕ್ಕಲಿಲ್ಲ. ಚಕ್ರಗಳನ್ನೂ ಜೋಡಿಸಿದ. ಅವನು ಓಡಿಸಿದರೆ ಗಾಡಿ ದಾರ ಹಿಡಿದಂತೆ ನೇರ ಹೋಯಿತು. ನಾನು ಕೂತ ಕೂಡಲೇ ಮತ್ತೆ ಎಡಕ್ಕೆ. ಈ ವಯಸ್ಸಿನಲ್ಲಿ ಸವತಿಗೂ ನನ್ನ ಮೇಲೆ ಮುನಿಸು ಬಂದಿರಬೇಕು.

ನಿನ್ನಕ್ಕನಿಗೆ ಹೊಸ ಕೆಲಸ ಸಿಕ್ಕಿದೆ. ಮೊದಲೆಲ್ಲ ಕಾರು ಹತ್ತಿದ ಕೂಡಲೇ ಕಣ್ಣು ಮುಚ್ಚುತ್ತಿದ್ದವಳು ಈಗ ದಾರಿಯುದ್ದಕ್ಕೂ ಕಾಮೆಂಟರಿ ಹೇಳುತ್ತಾಳೆ. ‘ಮುಂದೆ ಸೈಕಲ್ಲು. ಹೋಯ್ತು ಸೈಕಲ್ಲು. ಬಲಕ್ಕೆ ಲಾರಿ ಬರ್ತಿದೆ, ಬಿಡಿ ಅದನ್ನ. ಹಂಪು. ಇನ್ನೊಂದು ಹಂಪು.’ ಮೂವತ್ನಾಲ್ಕು ವರ್ಷ ಮನೆಯಲ್ಲಿ ನನ್ನನ್ನು ಓಡಿಸಿದವಳು ಈಗ ರಸ್ತೆಗೂ ಇಳಿದಿದ್ದಾಳೆ. ನಡುವೆ ಸುಸ್ತಾಗಿ ದನಿ ಸಣ್ಣದಾದರೂ ನಿಲ್ಲಿಸುವುದಿಲ್ಲ. ನನಗೂ ರೂಢಿಯಾಗಿದೆ, ಅವಳು ಸುಮ್ಮನಾದರೆ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಗುತ್ತದೆ.

ಇನ್ನೊಂದು ದೂರು. ಮುಂದಿನ ಗಾಜಿನ ನಟ್ಟನಡುವೆ ಒಂದು ಕಲೆ. ಎಣ್ಣೆ ಬೆರಳು ಒತ್ತಿದ ಹಾಗೆ. ಸೋಪು, ಬಿಸಿನೀರು, ಹಳೆಯ ಪೇಪರು, ಏನು ಹಾಕಿ ಉಜ್ಜಿದರೂ ಹೋಗಲೊಲ್ಲದು. ನಾನು ಆ ಕಡೆ ನೋಡಿದರೆ ಆ ಕಡೆ, ಈ ಕಡೆ ನೋಡಿದರೆ ಈ ಕಡೆ. ನಿನ್ನಕ್ಕನಿಗೆ ಮಾತ್ರ ಅದು ಕಾಣುವುದಿಲ್ಲವಂತೆ. ನನ್ನ ತಪ್ಪುಗಳೆಲ್ಲ ಕಾಣುವವಳಿಗೆ ಇದೊಂದು ಕಾಣದೆ ಹೋಯಿತು.

ಗಾಜು ಬದಲಾಯಿಸಿದರೆ ‘ಗಣನೀಯ ಬದಲಾವಣೆ’ ಆಗಿ ವಿನಾಯಿತಿ ಹೋಗುತ್ತದೆಯೇ? ತಿಳಿಸು.

ನಿನ್ನ ಭಾವ


ಫೆಬ್ರವರಿ ೧೨

ಭಾವನವರಿಗೆ ನಮಸ್ಕಾರ.

ಗಾಜಿನ ವಿಷಯ ಓದಿ ಕುರ್ಚಿಯಿಂದ ಎದ್ದೇಬಿಟ್ಟೆ. ಇದು ನಾನು ಕಂಡ ರೋಗವೇ. ಆ ಕಾಲದ ಗಾಜು ಎರಡು ಪದರದ್ದು. ನಡುವಿನ ಅಂಟು ವಯಸ್ಸಾದ ಹಾಗೆ ಬಿಟ್ಟುಕೊಂಡು ಮಬ್ಬಾಗುತ್ತದೆ. ಒಳಗಿನ ಮಬ್ಬು, ಉಜ್ಜಿದರೆ ಹೇಗೆ ಹೋದೀತು? ಪಕ್ಕದಲ್ಲಿ ಕೂತ ಅಕ್ಕನಿಗೆ ಕಾಣದಿರುವುದೂ ಸಹಜ, ಅವಳು ನೋಡುವ ಕೋನ ಬೇರೆ. ದಿನಬಳಕೆಯ ಕಾರಿನಲ್ಲಿ ಚಾಲಕನ ಎದುರಿಗೆ ಅಂಥ ಮಬ್ಬು ಕಂಡರೆ ನಾನು ಅಲ್ಲೇ ಫೇಲು ಮಾಡುತ್ತೇನೆ. ನಿಮ್ಮನ್ನು ಫೇಲು ಮಾಡುವವರು ಯಾರೂ ಇಲ್ಲದ್ದರಿಂದ ನೀವೇ ಬದಲಾಯಿಸಿಕೊಳ್ಳಬೇಕು. ಚಾಸಿ, ಎಂಜಿನ್ನಿನ ಮಾದರಿ, ಆಕ್ಸಲ್ಲು ಬದಲಾದರೆ ವಿನಾಯಿತಿ ಹೋಗುತ್ತದೆ. ಗಾಜಿಗೆ ಆ ತೊಂದರೆಯಿಲ್ಲ.

ನೀವು ಕೂತಾಗ ಮಾತ್ರ ಎಡಕ್ಕೆ ಎಳೆಯುತ್ತದೆ ಎಂದಿರಿ. ಸೀಟಿನ ಕೆಳಗಿನ ಸ್ಪ್ರಿಂಗು ಕುಸಿದಿರಬೇಕು, ನೋಡಿಸಿ. ಇಲ್ಲದಿದ್ದರೆ ನಿಮ್ಮ ತೂಕ ನೋಡಿಸಿ.

ಅಕ್ಕನಿಗೊಂದು ಮಾತು. ಓಡಿಸುವವರ ಪಕ್ಕ ಕೂತು ಹೀಗೆ ಒಂದೇ ಸಮ ಮಾತಾಡಬಾರದು, ಗಮನ ತಪ್ಪುತ್ತದೆ. ಡಯಾಲಿಸಿಸ್ ಮುಗಿಸಿ ಬರುವಾಗಲಾದರೂ ಕಣ್ಣು ಮುಚ್ಚಿ ನಿದ್ದೆ ಮಾಡು ಅಂತ ಹೇಳಿ. ಭಾವ ಓಡಿಸಲು ಶುರುಮಾಡಿದ್ದು ಇವತ್ತು ನಿನ್ನೆಯಲ್ಲ.

ನಿಮ್ಮ ಭಾವಮೈದುನ


ಮಾರ್ಚ್ ೨೦

ಪ್ರಿಯ ಭಾವಮೈದುನನಿಗೆ,

ಗಾಜು ಬದಲಾಯಿಸಿದೆ. ಕಲೆ ಹಾಗೇ ಇತ್ತು. ಅದು ಇರುತ್ತದೆಂದು ನನಗೆ ಮೊದಲೇ ಗೊತ್ತಿತ್ತು.

ಈ ತಿಂಗಳು ಒಂಬತ್ತನೇ ತಾರೀಕು ಆಸ್ಪತ್ರೆಯಿಂದ ವಾಪಸ್ಸು ಬರುತ್ತಿದ್ದೆವು. ನಿನ್ನಕ್ಕನಿಗೆ ನಿದ್ದೆ ಹತ್ತಿತು. ಗೋದಾಮುಗಳ ತಿರುವಿನಲ್ಲಿ, ಚಾಕು-ಕತ್ತರಿಗೆ ಸಾಣೆ ಹಿಡಿಯುವವನೊಬ್ಬ ತನ್ನ ಗಾಡಿ ತಳ್ಳಿಕೊಂಡು ರಸ್ತೆ ದಾಟುತ್ತಿದ್ದನಂತೆ. ‘ಅಂತೆ’ ಎನ್ನುತ್ತೇನೆ, ಯಾಕೆಂದರೆ ನಾನು ಅವನನ್ನು ನೋಡಲಿಲ್ಲ. ಹಾಡುಹಗಲು, ಒಣ ರಸ್ತೆ. ಅವನು ಆ ಕಲೆಯೊಳಗೆ ನಿಂತಿದ್ದ. ಸದ್ದು ಕೇಳಿದ ಮೇಲೆ ನಿಲ್ಲಿಸಿದೆ. ತೊಡೆಯ ಮೂಳೆ ಮುರಿದಿದೆ. ಬದುಕಿದ್ದಾನೆ.

ಕಲೆ ಇರುವುದು ನನ್ನ ಕಣ್ಣಿನಲ್ಲಿ. ಕಳೆದ ಆಗಸ್ಟಿನಲ್ಲೇ ಕಣ್ಣಿನ ಡಾಕ್ಟರು ಹೇಳಿದ್ದರು. ಎಡಗಣ್ಣು ಹೋದದ್ದು ಹೋಯಿತು. ಬಲಗಣ್ಣಿನ ಪರದೆಯ ನಡುವೆ ತೂತಾಗುತ್ತಿದೆ, ಆಪರೇಷನ್ ಮಾಡಿದರೆ ಉಳಿಯಬಹುದು. ಆಮೇಲೆ ಮೂರು ವಾರ ಮುಖ ಕೆಳಗೆ ಹಾಕಿ ಮಲಗಬೇಕು, ಮೂರು ತಿಂಗಳು ಓಡಿಸಬಾರದು ಅಂತ. ಆಸ್ಪತ್ರೆಯ ವ್ಯಾನಿನ ಪಟ್ಟಿಯಲ್ಲಿ ಆಗ ನಮಗಿಂತ ಮುಂದೆ ಹನ್ನೊಂದು ಹೆಸರಿದ್ದವು. ಮೂರು ತಿಂಗಳು ಯಂತ್ರವಿಲ್ಲದೆ ಇರುವುದು ನಿನ್ನಕ್ಕನ ಕೈಲಿ ಆಗದು. ನಾನು ಆಪರೇಷನ್ನನ್ನು ಮುಂದಕ್ಕೆ ಹಾಕಿದೆ. ಅವಳಿಗೆ ಹೇಳಿರಲಿಲ್ಲ. ಒಂದು ದಿನ ನಾನು ಕೆಂಪು ದೀಪ ದಾಟಿದಾಗ ಅವಳಿಗೆ ಅರ್ಥವಾಯಿತು. ಬೈಯಲಿಲ್ಲ. ಮನೆಗೆ ಬಂದು ಕಾಫಿ ಕುಡಿದ ಮೇಲೆ ಇಷ್ಟೇ ಹೇಳಿದಳು: ‘ನಾನು ನೋಡ್ತೀನಿ. ನೀವು ಓಡಿಸಿ.’

ನಿನಗೆ ಸುಳ್ಳು ಬರೆದೆ ಎನ್ನಬೇಡ. ದೀಪವೇ ಇರಬಹುದು, ಗಾಜೇ ಇರಬಹುದು ಎಂದು ನೀನು ಬರೆದಾಗಲೆಲ್ಲ ನಾನೂ ಒಂದೊಂದು ವಾರ ನಂಬುತ್ತಿದ್ದೆ.

ಅಂದು ಅವಳು ಮಲಗಿದ್ದು ನೀನು ಬರೆದದ್ದಕ್ಕಲ್ಲ, ಸುಸ್ತಿಗೆ. ಇದನ್ನು ನೀನು ನಂಬಬೇಕು.

ಈಗ ನಿನ್ನಿಂದ ಒಂದು ಕೆಲಸವಾಗಬೇಕು. ಜನ ಸೇರಿದಾಗ ಯಾರೋ ‘ಬ್ರೇಕು ಹೋಯ್ತಾ ಸಾರ್?’ ಎಂದು ಕೇಳಿದರು. ನಾನು ತಲೆಯಾಡಿಸಿದೆ. ಅಷ್ಟೇ ಮಾಡಿದ್ದು. ಪೊಲೀಸರೂ ಹಾಗೇ ಬರೆದುಕೊಂಡಿದ್ದಾರೆ. ಸಾಣೆಯವನು ಅದೇ ಆಸ್ಪತ್ರೆಯಲ್ಲಿದ್ದಾನೆ; ನೋಡಲು ಹೋದರೆ, ‘ಹಳೇ ಗಾಡಿ, ನೀವೇನು ಮಾಡೋಕಾಗುತ್ತೆ’ ಎಂದು ನನಗೇ ಸಮಾಧಾನ ಹೇಳಿದ. ಅಪಘಾತವಾದ ಮೇಲೆ ವಿನಾಯಿತಿಯ ಗಾಡಿಗೂ ತಪಾಸಣೆ ಇದೆಯಂತೆ. ಈ ಮಾದರಿಯ ಬ್ರೇಕು ಬಿಸಿಯಾದರೆ ಹಿಡಿತ ಬಿಡುತ್ತದೆ, ಆಮೇಲೆ ಸರಿಹೋಗುತ್ತದೆ ಎಂದು ನೀನೊಂದು ಅಭಿಪ್ರಾಯ ಬರೆದುಕೊಟ್ಟರೆ ಇಲ್ಲಿಯವರು ಒಪ್ಪುತ್ತಾರೆ. ಲೈಸೆನ್ಸು ಉಳಿಯುತ್ತದೆ. ವ್ಯಾನಿನ ಸರದಿ ಬರುವವರೆಗೆ ಸಾಕು. ನನಗಾಗಿ ಕೇಳುತ್ತಿಲ್ಲ.

ಭಾವ


ಮಾರ್ಚ್ ೨೮

ಭಾವನವರಿಗೆ,

ನಿಮ್ಮ ಕಾಗದವನ್ನು ನಾಲ್ಕು ಸಲ ಓದಿದೆ. ಹಳೆಯ ಕಾಗದಗಳನ್ನೂ ತೆಗೆದು ಓದಿದೆ. ಎಲ್ಲವೂ ಅದರಲ್ಲೇ ಇತ್ತು. ಹದಿನೇಳು ವರ್ಷ ತಪಾಸಣೆ ಮಾಡಿದವನು ದೀಪ ನೋಡಿದೆ, ಗಾಜು ನೋಡಿದೆ, ಸೀಟಿನ ಸ್ಪ್ರಿಂಗೂ ನೋಡಿದೆ. ಸೀಟಿನ ಮೇಲೆ ಕೂತವರನ್ನು ಮಾತ್ರ ನೋಡಲಿಲ್ಲ.

ನಾನೂ ಒಂದು ಮುಚ್ಚಿಟ್ಟಿದ್ದೇನೆ. ಅಕ್ಟೋಬರದಿಂದ ನಾನು ಗುಂಡಿಗೆ ಇಳಿದಿಲ್ಲ. ಕಡತಗಳ ಕೋಣೆಯಲ್ಲಿ ಕೂರಿಸಿದ್ದಾರೆ. ಕಿಟಕಿಯಿಂದ ಗುಂಡಿ ಕಾಣುತ್ತದೆ. ಬೇರೆಯವನೊಬ್ಬ ಅದರಲ್ಲಿ ನಿಂತು ಟಾರ್ಚು ಬಿಡುತ್ತಿರುತ್ತಾನೆ. ನಾನು ಪಾಸು ಮಾಡಿದ ಒಂದು ಕಾರಿನ ಬ್ರೇಕು ಒಂಬತ್ತನೆಯ ದಿನ ಹೋಯಿತು. ಒಬ್ಬ ಹೆಂಗಸು, ಅವಳ ಅತ್ತೆ, ಇಬ್ಬರೂ ಉಳಿಯಲಿಲ್ಲ. ಆ ದಿನ ಸಾಲು ಉದ್ದವಿತ್ತು, ಬ್ರೇಕು ನೋಡುವ ಉರುಳೆಯ ಯಂತ್ರ ಬಿಸಿಯೇರಿ ನಿಂತುಹೋಗಿತ್ತು. ನಾನು ಪೆಡಲನ್ನು ಕಾಲಿನಿಂದ ಒತ್ತಿ ನೋಡಿ ಸಹಿ ಹಾಕಿದೆ. ಯಂತ್ರದ ಮೇಲೆ ಹಾಕಿ ನೋಡಿದ್ದೇನೆ ಎಂದು ವಿಚಾರಣೆಯಲ್ಲಿ ಹೇಳಿದ್ದೇನೆ. ಇದು ಗೊತ್ತಿರುವುದು ನನಗೆ, ಈಗ ನಿಮಗೆ.

ನಿಮ್ಮ ಕಾಗದಗಳು ಬಂದಾಗ ನನಗೊಂದು ಕಾರು ಸಿಕ್ಕಿತ್ತು ಭಾವ. ಕೈಯಲ್ಲಿ ಮುಟ್ಟಲಾಗದಿದ್ದರೂ ಒಂದು ಕಾರು. ಅದರ ಖುಷಿಯಲ್ಲಿ ನನಗೆ ಬೇರೇನೂ ಕಾಣಲಿಲ್ಲ.

ನೀವು ಕೇಳಿದ ಅಭಿಪ್ರಾಯವನ್ನು ನಾನು ಬರೆಯಲಾರೆ. ಅಷ್ಟೇ ಆಗಿದ್ದರೆ ಸುಮ್ಮನಿರಬಹುದಿತ್ತು. ಇನ್ನೊಬ್ಬರು ಆ ಕಲೆಯೊಳಗೆ ನಿಲ್ಲುತ್ತಾರೆ ಎಂದು ಗೊತ್ತಿದ್ದೂ ಸುಮ್ಮನಿರುವುದು ನನ್ನಿಂದಾಗದು, ಒಮ್ಮೆ ಆಗಿದ್ದೇ ಸಾಕು. ನಿಮ್ಮ ಊರಿನ ಲೈಸೆನ್ಸ್ ಕಚೇರಿಗೆ ನಿಮ್ಮ ಕಣ್ಣಿನ ವಿಷಯ ಬರೆದು ಈ ಬೆಳಿಗ್ಗೆ ಹಾಕಿದ್ದೇನೆ. ಅದನ್ನು ಹಾಕಿ ಬಂದು ಇದನ್ನು ಬರೆಯುತ್ತಿದ್ದೇನೆ. ಇದನ್ನು ಮೊದಲು ಬರೆದಿದ್ದರೆ ಅದನ್ನು ಹಾಕುತ್ತಿರಲಿಲ್ಲ.

ಆಸ್ಪತ್ರೆಗೂ ಫೋನು ಮಾಡಿ ಮಾತಾಡಿದೆ. ವಾರಕ್ಕೆ ಎರಡು ದಿನ ವ್ಯಾನು ಕಳಿಸಲು ಒಪ್ಪಿದ್ದಾರೆ. ಮೂರನೆಯ ದಿನಕ್ಕೆ ಪ್ರಯತ್ನಿಸುತ್ತಿದ್ದೇನೆ. ಈಗಲಾದರೂ ಆಪರೇಷನ್ ಮಾಡಿಸಿಕೊಳ್ಳಿ. ಅಕ್ಕನಿಗೆ ಏನು ಹೇಳಬೇಕೋ ತಿಳಿಯದು.

ನಿಮ್ಮ ಭಾವಮೈದುನ


ಏಪ್ರಿಲ್ ೧೯

ಮಾನ್ಯ ತಪಾಸಣಾಧಿಕಾರಿಗಳಿಗೆ,

ತಾವು ಬರೆದ ಪತ್ರವನ್ನು ತಮ್ಮ ಅಕ್ಕನವರೇ ನನಗೆ ಓದಿ ಹೇಳಿದರು. ‘ತಮ್ಮ’ ಎಂಬ ಪದಕ್ಕೆ ಎರಡು ಅರ್ಥಗಳಿವೆ. ಇಲ್ಲಿ ಗೌರವದ ಅರ್ಥವನ್ನು ಮಾತ್ರ ತೆಗೆದುಕೊಳ್ಳತಕ್ಕದ್ದು.

ನೋಟಿಸು ಬಂತು. ಕಚೇರಿಗೆ ಹೋದೆ. ಗೋಡೆಯ ಮೇಲಿನ ಮೊದಲ ಸಾಲಿನ ಅಕ್ಷರ ಓದಲು ಹೇಳಿದರು. ನಾನು ಅದನ್ನು ಕಿಟಕಿ ಎಂದುಕೊಂಡಿದ್ದೆ. ಲೈಸೆನ್ಸನ್ನು ಅಲ್ಲೇ ಇಟ್ಟುಕೊಂಡರು. ಕಾರಿನ ತಪಾಸಣೆಯೂ ಆಯಿತು. ಬ್ರೇಕು ಉತ್ತಮ, ದೀಪ ಉತ್ತಮ, ಗಾಜು ಉತ್ತಮ ಎಂದು ಬರೆದುಕೊಟ್ಟಿದ್ದಾರೆ. ಕಣ್ಣಿನ ಡಾಕ್ಟರು, ಆಪರೇಷನ್ನಿನ ಕಾಲ ಮೀರಿತು ಎಂದರು.

ವ್ಯಾನು ಮಂಗಳವಾರ, ಶನಿವಾರ ಬರುತ್ತದೆ. ಏಳು ಮನೆ ಸುತ್ತಿ ಹೋಗುತ್ತದೆ, ಏಳು ಮನೆ ಸುತ್ತಿ ಬರುತ್ತದೆ. ಬೆಳಿಗ್ಗೆ ಆರಕ್ಕೆ ಹೋದವರು ಸಂಜೆ ಐದಕ್ಕೆ ಇಳಿಯುತ್ತಾರೆ. ಜೊತೆಯವರಿಗೆ ಜಾಗವಿಲ್ಲ, ಹೀಗಾಗಿ ನಾನು ಮನೆಯಲ್ಲಿರುತ್ತೇನೆ. ಹೋದ ಶನಿವಾರ ಅವಳು ಹೋಗುವುದಿಲ್ಲ ಎಂದಳು. ಯಾಕೆ ಎಂದೆ. ‘ನಿಮ್ಮ ಜೊತೆ ಹೋಗುವಾಗ ನಾನು ದಾರಿ ಹೇಳ್ತಿದ್ದೆ ರೀ. ಆ ವ್ಯಾನಿನಲ್ಲಿ ನಾನು ಬರೀ ಸಾಮಾನು’ ಎಂದಳು. ಡ್ರೈವರು ಐದು ನಿಮಿಷ ಕಾದು ಹೋದ.

ತಾವು ಬರೆದದ್ದು ಸರಿಯಂತೆ, ತಮ್ಮನ್ನು ನಾನು ಏನೂ ಅನ್ನಕೂಡದಂತೆ. ಅವಳ ಅಪ್ಪಣೆ. ಆದ್ದರಿಂದ ಏನೂ ಅಂದಿಲ್ಲ. ತಮ್ಮನ್ನು ಒಮ್ಮೆ ನೋಡಬೇಕು ಎನ್ನುತ್ತಾಳೆ. ಬಿಡುವಾದರೆ ಬರತಕ್ಕದ್ದು.

ಇಂತು,
ವಿನಾಯಿತಿ ಕಳೆದುಕೊಂಡವನು


ಮೇ ೭

ಭಾವನವರಿಗೆ,

ನನ್ನನ್ನು ‘ತಾವು’ ಎಂದು ಕರೆದಿರಿ. ಬೈದಿದ್ದರೆ ಚೆನ್ನಾಗಿತ್ತು.

ವಿಚಾರಣೆ ಮುಗಿಯಿತು. ನನ್ನದು ತಪ್ಪಿಲ್ಲವೆಂದು ತೀರ್ಮಾನವಾಗಿದೆ. ಅದರಲ್ಲಿ ಬರೆದದ್ದನ್ನು ನಿಮಗೆ ಹೇಳದೆ ಇರಲಾರೆ, ಇನ್ನೊಮ್ಮೆ ಮುಚ್ಚಿಡಲಾರೆ: ‘ಸ್ವಂತ ಭಾವನ ವಿಷಯದಲ್ಲೂ ಕರ್ತವ್ಯ ಮರೆಯದ ಅಧಿಕಾರಿಯು ಬ್ರೇಕನ್ನು ಪರೀಕ್ಷಿಸದೆ ಸಹಿ ಹಾಕಿರುವ ಸಂಭವವಿಲ್ಲ.’ ನಿಮ್ಮ ಊರಿನ ಕಚೇರಿಯವರು ನನ್ನ ಪತ್ರದ ಪ್ರತಿಯನ್ನು ಇಲ್ಲಿಗೂ ಕಳಿಸಿದ್ದರಂತೆ. ನಾನು ಕೇಳಿರಲಿಲ್ಲ ಭಾವ. ನಿಮ್ಮ ಬಗ್ಗೆ ನಿಜ ಬರೆದೆ, ಅದರ ಬಲದಿಂದ ನನ್ನ ಬಗ್ಗೆ ಹೇಳಿದ ಸುಳ್ಳು ನಿಂತಿತು.

ಸೋಮವಾರ ಮತ್ತೆ ಗುಂಡಿಗೆ ಇಳಿಯುತ್ತೇನೆ. ಈಗಷ್ಟೇ ಸೇರಿದವನು ರಜೆ ಕೇಳುವ ಹಾಗಿಲ್ಲ. ಜೂನ್ ಮೊದಲ ವಾರ ಬಂದೇ ಬರುತ್ತೇನೆ, ಅಕ್ಕನಿಗೆ ಹೇಳಿ. ಅಲ್ಲಿಯವರೆಗೆ ವ್ಯಾನಿನಲ್ಲಿ ಹೋಗಲೇಬೇಕು ಎಂದು ನನ್ನ ಮಾತಾಗಿ ಹೇಳಿ. ಫೋನಿನಲ್ಲಿ ಹೇಳಿದರೆ ನಗುತ್ತಾಳೆ.

ನಿಮ್ಮ ಭಾವಮೈದುನ


ಜೂನ್ ೧೧

ಭಾವನವರಿಗೆ,

ಬರೆಯುವ ಹಕ್ಕಿಲ್ಲ, ಆದರೂ ಬರೆಯುತ್ತಿದ್ದೇನೆ.

ಹೋದ ವಾರ ನಿಮ್ಮ ಪಕ್ಕದ ಮನೆಯವರು ಫೋನು ಮಾಡಿ ಅಕ್ಕ ಇನ್ನಿಲ್ಲ ಎಂದಾಗ ಸಿಕ್ಕ ಬಸ್ಸು ಹತ್ತಿ ಬಂದೆ. ನಾನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹಜಾರದ ತುಂಬ ಜನ. ನೀವು ಗೋಡೆಗೆ ಒರಗಿ ಕುರ್ಚಿಯಲ್ಲಿ ಕೂತಿದ್ದಿರಿ. ನಾನು ಬಾಗಿಲಲ್ಲಿ ನಿಂತೆ. ಬಾಯಿಗೆ ಮಾತು ಬರಲಿಲ್ಲ. ನೀವು ತಲೆಯೆತ್ತಿ ನೇರವಾಗಿ ನನ್ನನ್ನೇ ನೋಡಿದಿರಿ. ಎಷ್ಟು ಹೊತ್ತು ನೋಡಿದಿರೋ. ಆಮೇಲೆ ಮುಖ ಆ ಕಡೆ ತಿರುಗಿಸಿದಿರಿ.

ಅದಕ್ಕಿಂತ ಹೆಚ್ಚಿನದು ನನಗೆ ಸಲ್ಲುವುದಿಲ್ಲ. ಅಂಗಳದಲ್ಲಿ ಸ್ವಲ್ಪ ಹೊತ್ತು ಕಾರಿನ ಪಕ್ಕ ನಿಂತಿದ್ದು ಐದು ಗಂಟೆಯ ಬಸ್ಸಿಗೆ ಹೊರಟುಬಿಟ್ಟೆ.

ಬಂದ ಮೇಲೆ ವಿಚಾರಣೆಯವರಿಗೆ ಒಂದು ಕಾಗದ ಬರೆದೆ. ಯಂತ್ರದ ಮೇಲೆ ಹಾಕಿ ನೋಡಿರಲಿಲ್ಲ ಎಂದು. ಬರೆದು ಮೂರು ದಿನವಾಯಿತು. ಲಕೋಟೆ ಮೇಜಿನ ಮೇಲಿದೆ. ಬೆಳಿಗ್ಗೆ ಅದನ್ನು ಜೇಬಿಗೆ ಹಾಕಿಕೊಂಡು ಹೋಗುತ್ತೇನೆ, ಸಂಜೆ ವಾಪಸ್ಸು ತಂದು ಇಡುತ್ತೇನೆ. ನಿಮ್ಮ ವಿಷಯ ಬರೆದ ದಿನ ಅಂಚೆಪೆಟ್ಟಿಗೆ ಇಷ್ಟು ದೂರ ಇರಲಿಲ್ಲ.

ಇದಕ್ಕೆ ಉತ್ತರ ಬರೆಯಬೇಕಾಗಿಲ್ಲ.

ನಿಮ್ಮ ಭಾವಮೈದುನ


ಜೂನ್ ೨೧

ಅಯ್ಯಾ ಭಾವಮೈದುನ,

ಅಕ್ಷರ ಬೇರೆ ಕಂಡು ಗಾಬರಿಯಾಗಬೇಡ. ಬರೆಯುತ್ತಿರುವವನು ಸಾಣೆಯವನು, ಹೇಳುತ್ತಿರುವವನು ನಾನು. ಊರುಗೋಲು ಊರಿಕೊಂಡು ವಾರಕ್ಕೆರಡು ಸಲ ಬರುತ್ತಾನೆ. ನಿನ್ನ ಕಾಗದ ಓದಿದವನೂ ಅವನೇ. ಬ್ರೇಕು ಸರಿಯಾಗಿತ್ತು, ನಾನು ಸುಳ್ಳಾಗಿ ತಲೆಯಾಡಿಸಿದೆ ಎಂದು ಅವನಿಗೆ ಮೊನ್ನೆ ಹೇಳಿಬಿಟ್ಟೆ. ‘ಗೊತ್ತಿತ್ತು ಸಾರ್. ನೀವು ಬ್ರೇಕೇ ಒತ್ತಿರಲಿಲ್ಲ. ಅಮ್ಮನೋರು ಪಕ್ಕದಲ್ಲಿ ಮಲಗಿದ್ರು, ಎಬ್ಬಿಸಿ ಜಗಳ ಮಾಡೋ ಹಾಗಿರಲಿಲ್ಲ’ ಎಂದ. ಈ ಸಾಲನ್ನು ಬರೆಯುವುದಿಲ್ಲ ಎಂದು ಹಟ ಮಾಡಿದ. ಬರೆಸಿದ್ದೇನೆ.

ನಿನ್ನಕ್ಕ ಕೊನೆಯ ಎರಡು ವಾರ ವ್ಯಾನು ಹತ್ತಲಿಲ್ಲ. ನಾನು ಒತ್ತಾಯ ಮಾಡಿದೆ, ಆಮೇಲೆ ಮಾಡಲಿಲ್ಲ. ನೀನು ಮಾಡಿದ್ದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ಒಂದು ದಿನ ಸರಿ ಅನಿಸುತ್ತದೆ, ಒಂದು ದಿನ ನಿನ್ನ ಕತ್ತು ಹಿಸುಕಬೇಕು ಅನಿಸುತ್ತದೆ. ಇವತ್ತು ಎರಡೂ ಅನಿಸುತ್ತಿಲ್ಲ, ಅದಕ್ಕೇ ಬರೆಸುತ್ತಿದ್ದೇನೆ.

ಆ ದಿನ ನಾನು ಬೆಳಿಗ್ಗೆಯಿಂದ ‘ಅವನು ಬಂದನಾ, ಅವನು ಬಂದನಾ’ ಎಂದು ಬಂದವರನ್ನೆಲ್ಲ ಕೇಳುತ್ತಿದ್ದೆ. ಮಧ್ಯಾಹ್ನದ ಮೇಲೆ ಯಾರೋ ‘ಬಂದಿದ್ದಾನೆ, ಇಲ್ಲೇ ಎಲ್ಲೋ ಇದ್ದಾನೆ’ ಎಂದರು. ನಿನ್ನ ಕೈ ಈಗ ಹೆಗಲ ಮೇಲೆ ಬಿದ್ದೀತು, ಈಗ ಬಿದ್ದೀತು ಎಂದು ಸಂಜೆ ದೀಪ ಹಾಕುವವರೆಗೂ ಕೂತಿದ್ದೆ. ಬಾಗಿಲ ಕಡೆ ಬೆಳಕಿತ್ತು, ಅದಕ್ಕೇ ಆ ಕಡೆ ತಿರುಗಿದ್ದೆ. ಮುಂದೆ ನೀನು ನಿಂತಿದ್ದೆ ಎಂದು ನಿನ್ನ ಕಾಗದ ಓದಿಸಿದ ಮೇಲೆ ತಿಳಿಯಿತು. ಎರಡನೆಯ ಕಣ್ಣೂ ಮೇ ತಿಂಗಳಲ್ಲೇ ಹೋಗಿದೆಯೋ, ಬೆಳಕು-ಕತ್ತಲೆ ಬಿಟ್ಟು ಬೇರೇನೂ ಕಾಣದು. ಅದನ್ನು ನಿನಗೆ ಬರೆಯಬೇಕಿತ್ತು. ‘ತಾವು’ ಎಂದು ಬರೆಯುವ ಬಿಗುಮಾನದಲ್ಲಿ ಬರೆಯಲಿಲ್ಲ.

ಆ ಲಕೋಟೆಯನ್ನು ಅಂಚೆಗೆ ಹಾಕು. ಹಾಕಿ ಇಲ್ಲಿಗೆ ಬಾ. ಕೆಲಸ ಹೋದರೆ ಹೋಗಲಿ, ಇಲ್ಲಿ ಒಂದು ಕೋಣೆ ಖಾಲಿಯಾಗಿದೆ.

ಬಂದಾಗ ಬಾಗಿಲಲ್ಲಿ ನಿಂತು ಮಾತಾಡು. ಏನಾದರೂ ಮಾತಾಡು, ಬೈದರೂ ಆಗಬಹುದು. ಸುಮ್ಮನೆ ನಿಂತರೆ ನೀನು ಯಾವುದು, ಬಾಗಿಲು ಯಾವುದು ಎಂದು ನನಗೆ ತಿಳಿಯುವುದಿಲ್ಲ.

ನಿನ್ನ ಭಾವ